ಅತ್ತೆಯ ಪಾವು, ಅಂಗಡಿಯ ಕೆಜಿ: ಲೆಕ್ಕ ತಪ್ಪಿದ್ದು ಎಲ್ಲಿ?

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ. ಮನೆಯಲ್ಲೇ ಸಿಹಿತಿಂಡಿ, ಕುರುಕಲು ಮಾಡಿ ಗೊತ್ತಿರುವವರಿಗೆ ಕೊಡುತ್ತೇನೆ. ಹೋದ ತಿಂಗಳು ಮೊಬೈಲಿನಲ್ಲಿ ನೋಡಿ ಬೆಣ್ಣೆ ಬಿಸ್ಕತ್ತು ಮಾಡಿದೆ. 250 ಗ್ರಾಂ ಮೈದಾ, 150 ಗ್ರಾಂ ಬೆಣ್ಣೆ, 100 ಗ್ರಾಂ ಪುಡಿ ಸಕ್ಕರೆ ಅಂತ ಇತ್ತು. ನಮ್ಮನೆಯಲ್ಲಿ ತೂಕದ ಮೆಷಿನ್ ಇಲ್ಲ. ಅಳತೆ ಕಪ್ ಮೇಲೆ 250 ಅಂತ ಬರೆದಿದೆಯಲ್ಲ ಅಂತ ಒಂದು ಕಪ್ ಮೈದಾ, ಅರ್ಧ ಕಪ್‌ಗಿಂತ ತುಸು ಕಡಿಮೆ ಸಕ್ಕರೆ ಪುಡಿ ಹಾಕಿದೆ. ಬೆಣ್ಣೆ 100 ಗ್ರಾಂ ಪ್ಯಾಕೆಟ್ ಒಂದೂವರೆ. ಓವನ್ ಒಳಗೆ ಬಿಸ್ಕತ್ತೆಲ್ಲ ಹರಡಿ, ಒಂದಕ್ಕೊಂದು ಅಂಟಿ, ಟ್ರೇ ತುಂಬಾ ಒಂದೇ ರೊಟ್ಟಿ ಆಯಿತು. ಅದಾದ ಮೇಲೆ ನೆಂಟರ ಗೃಹಪ್ರವೇಶಕ್ಕೆ ಮೈಸೂರು ಪಾಕ್ ಮಾಡಿಕೊಡಲು ಒಪ್ಪಿಕೊಂಡೆ. ನಮ್ಮತ್ತೆ ಒಂದು ಪಾವು ಕಡಲೆಹಿಟ್ಟಿಗೆ ಎರಡು ಪಾವು ಸಕ್ಕರೆ, ಎರಡು ಪಾವು ತುಪ್ಪ ಹಾಕುತ್ತಾರೆ. ಬಾಯಲ್ಲಿಟ್ಟರೆ ಕರಗುತ್ತೆ. ನಾನು ಜಾಸ್ತಿ ಬೇಕು ಅಂತ ಅರ್ಧ ಕೆಜಿ ಕಡಲೆಹಿಟ್ಟು, ಒಂದು ಕೆಜಿ ಸಕ್ಕರೆ, ಒಂದು ಕೆಜಿ ತುಪ್ಪ ತಂದು ಪೂರ್ತಿ ಸುರಿದೆ. ಗೂಡೇ ಬರಲಿಲ್ಲ. ಒಣಗಿ, ಗಂಟಲಿಗೆ ಹಿಡಿಯುವ ಹಾಗಾಯಿತು. ಅತ್ತೆ ‘ನಿನ್ನ ಕೈಗುಣ’ ಅಂತಾರೆ. ಗೌರಿ ಹಬ್ಬಕ್ಕೆ ಆರ್ಡರ್ ಇದೆ. ಗ್ರಾಂ ಅಂದರೆ ಎಷ್ಟು ಕಪ್ ಅಂತ ಒಂದು ಪಟ್ಟಿ ಕೊಡಿ. ಪಾವು ಪಕ್ಕಕ್ಕಿಟ್ಟುಬಿಡಲಾ?

ಉತ್ತರ: ಮೊದಲು ಅತ್ತೆಯವರ ಮಾತಿಗೆ ಬರುತ್ತೇನೆ. ಇದರಲ್ಲಿ ಕೈಗುಣದ್ದು ಏನೂ ಇಲ್ಲ. ಎರಡು ಸಲ ಕೆಟ್ಟಿದ್ದೂ ಒಂದೇ ತಪ್ಪು ಲೆಕ್ಕದಿಂದ, ಅದೂ ಎದುರುಬದುರು ದಿಕ್ಕಿನಲ್ಲಿ. ಬಿಸ್ಕತ್ತು ಮಾಡುವಾಗ ಗ್ರಾಂ ಅನ್ನು ಕಪ್ ಅಂದುಕೊಂಡಿರಿ. ಹಿಟ್ಟು ಅರ್ಧಕ್ಕೆ ಇಳಿಯಿತು. ಮೈಸೂರು ಪಾಕ್ ಮಾಡುವಾಗ ಪಾವನ್ನು ಕೆಜಿ ಅಂದುಕೊಂಡಿರಿ. ಹಿಟ್ಟು ಎರಡರಷ್ಟಾಯಿತು.

ನಿಮ್ಮ ಕಪ್ ಮೇಲಿರುವ 250 ಗ್ರಾಂ ಅಲ್ಲ, ಮಿಲಿಲೀಟರ್. ಅಂದರೆ ಆ ಕಪ್ಪಿನೊಳಗೆ ಎಷ್ಟು ಜಾಗ ಇದೆ ಅನ್ನುವ ಲೆಕ್ಕ. ನೀರು ತುಂಬಿದರೆ 250 ಗ್ರಾಂ ತೂಗುತ್ತದೆ. ಹಾಲೂ ಹೆಚ್ಚುಕಡಿಮೆ ಅಷ್ಟೇ. ಆದರೆ ಹಿಟ್ಟು, ಬೇಳೆ, ರವೆ ತುಂಬಿದಾಗ ಕಪ್ಪಿನಲ್ಲಿ ಅರ್ಧದಷ್ಟು ಬರೀ ಗಾಳಿ ಇರುತ್ತದೆ. ನಂಬಿಕೆ ಬರದಿದ್ದರೆ ಈಗಲೇ ನೋಡಿ. ಒಂದು ಗಾಜಿನ ಲೋಟದ ತುಂಬ ಅಕ್ಕಿ ಹಾಕಿ ತಲೆ ಸವರಿ. ಲೋಟ ತುಂಬಿದೆ, ಇನ್ನೊಂದು ಕಾಳೂ ಹಿಡಿಸುವುದಿಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಅದಕ್ಕೆ ನಿಧಾನವಾಗಿ ನೀರು ಹುಯ್ಯುತ್ತಾ ಹೋಗಿ. ಹತ್ತಿರ ಹತ್ತಿರ ಅರ್ಧ ಲೋಟ ನೀರು ಒಳಗೆ ಹೋಗುತ್ತದೆ. ನೀರು ಹೋಗಿ ಕೂತ ಜಾಗದಲ್ಲಿ ಅಲ್ಲಿವರೆಗೆ ಇದ್ದದ್ದು ಗಾಳಿ.

ಎಷ್ಟು ಗಾಳಿ ಅನ್ನುವುದು ಪದಾರ್ಥದಿಂದ ಪದಾರ್ಥಕ್ಕೆ ಬೇರೆ. ಸಕ್ಕರೆ ಹರಳು ಗಟ್ಟಿ, ಒಂದರ ಪಕ್ಕ ಒಂದು ಜಾರಿಕೊಂಡು ಒತ್ತಾಗಿ ಕೂರುತ್ತದೆ. ಕಡಲೆಹಿಟ್ಟು ಹಾಗಲ್ಲ. ಕಣ ಸಣ್ಣದು, ಒಂದಕ್ಕೊಂದು ಅಂಟಿಕೊಂಡು ಮಧ್ಯೆ ಸಂದು ಬಿಟ್ಟುಕೊಂಡು ನಿಲ್ಲುತ್ತದೆ. ಜರಡಿ ಹಿಡಿದರಂತೂ ಇನ್ನೂ ಹತ್ತಿಯ ಹಾಗೆ ಅರಳುತ್ತದೆ. ನಿಮ್ಮ ಮೈಸೂರು ಪಾಕಿನ ಗುಟ್ಟು ಇರುವುದು ಇಲ್ಲೇ. ಅರ್ಧ ಕೆಜಿ ಜರಡಿ ಹಿಡಿದ ಕಡಲೆಹಿಟ್ಟು ತುಂಬಿಸಲು ಒಂದು ಡಬ್ಬಿ ತಗೊಳ್ಳಿ. ಅದೇ ಡಬ್ಬಿಯಲ್ಲಿ ಸುಮಾರು ಒಂದು ಕೆಜಿ ಸಕ್ಕರೆ ಹಿಡಿಯುತ್ತದೆ. ಜಾಗ ಒಂದೇ, ತೂಕ ಎರಡರಷ್ಟು.

ಹಾಗಾಗಿ ಅತ್ತೆಯವರು ‘ಒಂದಕ್ಕೆ ಎರಡು’ ಅಂದಾಗ ಅದು ಪಾವಿನ ಲೆಕ್ಕದಲ್ಲಿ ಮಾತ್ರ ನಿಜ. ಅದನ್ನೇ ತೂಕಕ್ಕೆ ತಂದರೆ ಒಂದಕ್ಕೆ ನಾಲ್ಕಾಗುತ್ತದೆ. ಅವರ ಪಾವು 250 ಮಿಲಿಲೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಪಾವು ಜರಡಿ ಹಿಡಿದ ಕಡಲೆಹಿಟ್ಟು ಸುಮಾರು 105 ಗ್ರಾಂ, ಎರಡು ಪಾವು ಸಕ್ಕರೆ 420 ಗ್ರಾಂ, ಎರಡು ಪಾವು ಕರಗಿದ ತುಪ್ಪ 450 ಗ್ರಾಂ. ನೀವು ಹಾಕಿದ ಅರ್ಧ ಕೆಜಿ ಹಿಟ್ಟಿಗೆ 2 ಕೆಜಿ ಸಕ್ಕರೆ, 2 ಕೆಜಿಗೂ ಮೇಲೆ ತುಪ್ಪ ಬೇಕಿತ್ತು. ನೀವು ಹಾಕಿದ್ದು ಒಂದೊಂದೇ ಕೆಜಿ. ತೂಕದಲ್ಲೇ ಒಂದಕ್ಕೆರಡು ಹಾಕಿ ಮಾಡುವವರೂ ಇದ್ದಾರೆ, ಅದು ಗಟ್ಟಿ ಜಾತಿಯ ಪಾಕ್. ಆದರೆ ಅತ್ತೆಯವರ ಕರಗುವ ಪಾಕ್ ಅದಲ್ಲ. ಕುದಿಯುವ ತುಪ್ಪ ಹಿಟ್ಟಿನ ಮಧ್ಯೆ ನುಗ್ಗಿ ಬುರುಗು ಬಂದರೆ ತಾನೇ ಗೂಡು? ಅಷ್ಟು ಹಿಟ್ಟಿಗೆ ಆ ತುಪ್ಪ ಎಲ್ಲಿ ಸಾಕು?

ಬಿಸ್ಕತ್ತಿನಲ್ಲಿ ಇನ್ನೊಂದು ತಮಾಷೆ ಆಗಿದೆ. ಬೆಣ್ಣೆ ಪ್ಯಾಕೆಟ್ ಮೇಲೆ ತೂಕ ಇತ್ತು, ಅದೊಂದು ಸರಿಯಾಗಿ 150 ಗ್ರಾಂ ಬಿತ್ತು. ಮೈದಾ ಮಾತ್ರ 250 ಇರಬೇಕಾದಲ್ಲಿ 130 ಗ್ರಾಂ. ಹಿಟ್ಟಿಗಿಂತ ಬೆಣ್ಣೆ ಜಾಸ್ತಿ ಇದ್ದರೆ ಬಿಸಿ ತಾಗಿದ ಕೂಡಲೇ ಹರಿಯದೆ ಇನ್ನೇನು ಮಾಡುತ್ತದೆ? ಬೆಣ್ಣೆಯನ್ನೂ ಕಪ್‌ನಲ್ಲೇ ಅಳೆದಿದ್ದರೂ ಹೆಚ್ಚುಕಡಿಮೆ ಹೀಗೇ ಆಗುತ್ತಿತ್ತು. ಬೆಣ್ಣೆಯಲ್ಲಿ ಹಿಟ್ಟಿನ ಹಾಗೆ ಗಾಳಿ ಇರುವುದಿಲ್ಲ, 150 ಮಿಲಿಲೀಟರ್ ಬೆಣ್ಣೆ ಹತ್ತಿರ ಹತ್ತಿರ 150 ಗ್ರಾಂ ತೂಗುತ್ತದೆ. ಮುಂದಿನ ಸಲ 250 ಗ್ರಾಂ ಮೈದಾಕ್ಕೆ ಎರಡು ಕಪ್ಪಿಗೆ ಒಂದು ದೊಡ್ಡ ಚಮಚ ಕಡಿಮೆ ಅಂತ ತಗೊಳ್ಳಿ. 100 ಗ್ರಾಂ ಪುಡಿ ಸಕ್ಕರೆಗೆ ಮುಕ್ಕಾಲು ಕಪ್, ಮೇಲೊಂದು ದೊಡ್ಡ ಚಮಚ.

ಪಟ್ಟಿ ಕೇಳಿದ್ದೀರಿ, ಕೊಡುತ್ತೇನೆ. ಆದರೆ ಅದನ್ನು ಕಲ್ಲಿನ ಮೇಲೆ ಕೆತ್ತಿದ್ದು ಅಂದುಕೊಳ್ಳಬೇಡಿ. 250 ಮಿಲಿಲೀಟರ್ ಕಪ್, ಚಮಚದಲ್ಲಿ ಹಗುರವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ತಲೆ ಸವರಿದ ಲೆಕ್ಕ ಇದು. ಮೈದಾ, ಗೋಧಿ ಹಿಟ್ಟು ಎರಡೂ ಸುಮಾರು 130 ಗ್ರಾಂ. ಅಕ್ಕಿ ಹಿಟ್ಟು ಸ್ವಲ್ಪ ಭಾರ, 150. ರಾಗಿ ಹಿಟ್ಟು 130ರಿಂದ 140. ಜರಡಿ ಹಿಡಿದ ಕಡಲೆಹಿಟ್ಟು 100ರಿಂದ 110. ಬಾಂಬೆ ರವೆ 175ರ ಆಸುಪಾಸು. ಸಕ್ಕರೆ 210, ಅದನ್ನೇ ಪುಡಿ ಮಾಡಿದರೆ 125ರಿಂದ 130. ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ ಎಲ್ಲ 200ರಿಂದ 210ರ ಒಳಗೆ. ಗಟ್ಟಿ ಅವಲಕ್ಕಿ 100ರ ಹತ್ತಿರ, ತೆಳು ಅವಲಕ್ಕಿ ಅದರ ಅರ್ಧ. ಒಣಕೊಬ್ಬರಿ ತುರಿ 80 ಚಿಲ್ಲರೆ. ಕರಗಿದ ತುಪ್ಪ 225, ಎಣ್ಣೆ 230.

ಸಕ್ಕರೆಯ ಸಾಲನ್ನು ಇನ್ನೊಂದು ಸಲ ಓದಿ. ಅದೇ ಸಕ್ಕರೆ, ಮಿಕ್ಸಿಗೆ ಹಾಕಿದ ಮೇಲೆ ಕಪ್ಪಿಗೆ 80 ಗ್ರಾಂ ಕಡಿಮೆ. ‘ಒಂದು ಕಪ್ ಸಕ್ಕರೆ, ಪುಡಿ ಮಾಡಿದ್ದು’ ಅಂತ ಬರೆದಿದ್ದರೆ ಅಳೆದು ಪುಡಿ ಮಾಡಬೇಕೋ, ಪುಡಿ ಮಾಡಿ ಅಳೆಯಬೇಕೋ ಅನ್ನುವುದರ ಮೇಲೆ ಸಿಹಿ ನಿಂತಿದೆ.

ಬೇಳೆ, ಅಕ್ಕಿ, ಸಕ್ಕರೆ ವಿಷಯದಲ್ಲಿ ಈ ಪಟ್ಟಿಯನ್ನು ಧೈರ್ಯವಾಗಿ ಬಳಸಿ. ಯಾರು ತುಂಬಿದರೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಹಿಟ್ಟಿನ ವಿಷಯ ಬೇರೆ. ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬೇಕರಿ ತರಗತಿ ನಡೆಸುತ್ತಿದ್ದೇನೆ. ಮೊದಲ ದಿನ ಏನನ್ನೂ ಬೇಯಿಸುವುದಿಲ್ಲ. ಎಲ್ಲರ ಕೈಗೂ ಒಂದೇ ಅಳತೆಯ ಕಪ್ ಕೊಟ್ಟು, ಒಂದೇ ಚೀಲದ ಮೈದಾ ಇಟ್ಟು, ‘ಒಂದು ಕಪ್ ತೆಗೆದುಕೊಡಿ’ ಅನ್ನುತ್ತೇನೆ. ಒಬ್ಬರು ಚೀಲದೊಳಗೆ ಕಪ್ ತುರುಕಿ ಎತ್ತುತ್ತಾರೆ. ಇನ್ನೊಬ್ಬರು ತುಂಬಿದ ಮೇಲೆ ಮೇಜಿಗೆ ಮೂರು ಸಲ ಕುಟ್ಟಿ, ಮತ್ತೆ ತುಂಬುತ್ತಾರೆ. ಮತ್ತೊಬ್ಬರು ಚಮಚದಲ್ಲಿ ಉದುರಿಸುತ್ತಾರೆ. ಒಬ್ಬೊಬ್ಬರ ಕಪ್ಪನ್ನೂ ತೂಕಕ್ಕೆ ಇಟ್ಟಾಗ 120 ಗ್ರಾಂನಿಂದ 160 ಗ್ರಾಂವರೆಗೂ ಬರುತ್ತದೆ. ಯಾರದ್ದೂ ತಪ್ಪಲ್ಲ, ಎಲ್ಲರೂ ಕೊಟ್ಟಿದ್ದು ಒಂದು ಕಪ್ಪೇ. ಕುಟ್ಟಿ ತುಂಬಿದವರ ಕೇಕು ಮಾತ್ರ ಇಟ್ಟಿಗೆ.

ಮೊಬೈಲಿನಲ್ಲಿ ಸಿಗುವ ಪಟ್ಟಿಗಳು ಒಂದೊಂದು ಒಂದೊಂದು ಹೇಳುವುದಕ್ಕೂ ಇದೇ ಕಾರಣ. ಅದರ ಜೊತೆಗೆ ಕಪ್ಪೇ ಒಂದೇ ಅಲ್ಲ. ಅಮೆರಿಕದ ಕಪ್ 240 ಮಿಲಿಲೀಟರ್‌ನ ಹತ್ತಿರ, ಮೆಟ್ರಿಕ್ ಕಪ್ 250, ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ಆಸ್ಟ್ರೇಲಿಯಾದಲ್ಲಿ ದೊಡ್ಡ ಚಮಚ 20 ಮಿಲಿಲೀಟರ್, ಉಳಿದ ಕಡೆ 15. ನಮ್ಮ ಮನೆಗಳ ಕಾಫಿ ಲೋಟದ ಕಥೆ ಹೇಳುವುದೇ ಬೇಡ.

‘ಪಾವು ಅಂದರೆ ಕಾಲು ಕೆಜಿ’ ಅನ್ನುವ ಮಾತೂ ಹಾಗೆಯೇ. ಪಾವು, ಸೇರು ಕಾಳು ಅಳೆಯುವ ಪಾತ್ರೆಗಳು. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು, ಪಾವಿನ ಕಾಲು ಭಾಗ ಚಟಾಕು. ಇವೆಲ್ಲ ಜಾಗದ ಲೆಕ್ಕ. ಆದರೆ ಹಳೇ ಮೈಸೂರಿನಲ್ಲಿ ತೂಕಕ್ಕೂ ಸೇರು ಅನ್ನುತ್ತಿದ್ದರು. ಕಚ್ಚಾ ಸೇರು ಅಂದರೆ ಆಗಿನ 24 ಬೆಳ್ಳಿ ರೂಪಾಯಿ ನಾಣ್ಯದ ತೂಕ, ಅಂದರೆ 24 ತೊಲ, ಈಗಿನ ಸುಮಾರು 280 ಗ್ರಾಂ. ಹಾಗಾಗಿ ಅಜ್ಜಿಯರ ಚೀಟಿಯಲ್ಲಿ ‘ಒಂದು ಸೇರು ಅಕ್ಕಿ, ಒಂದು ಸೇರು ಬೆಲ್ಲ’ ಅಂತ ಕಂಡರೆ ಎರಡೂ ಸೇರು ಒಂದೇ ಅಂದುಕೊಳ್ಳಬೇಡಿ. ಅಕ್ಕಿ ಪಾತ್ರೆಯಲ್ಲಿ ಅಳೆದದ್ದು, ಬೆಲ್ಲ ತಕ್ಕಡಿಯಲ್ಲಿ ತೂಗಿದ್ದು ಇರಬಹುದು. ಮೆಟ್ರಿಕ್ ಅಳತೆಯ ಕಾನೂನು ಬಂದದ್ದು 1956ರಲ್ಲಿ. ತಕ್ಕಡಿ ಬದಲಾಯಿತು, ಅಡುಗೆಮನೆಯ ಪಾವು ಅಲ್ಲೇ ಉಳಿಯಿತು. ಸಂತೆಪೇಟೆಯ ಪಾತ್ರೆ ಅಂಗಡಿಯಲ್ಲಿ ಕೊಂಡ ಹೊಸ ಸ್ಟೀಲ್ ಪಾವನ್ನೂ ನಿಮ್ಮಜ್ಜಿಯ ಕಾಲದ ಹಿತ್ತಾಳೆ ಪಾವನ್ನೂ ಅಕ್ಕಪಕ್ಕ ಇಟ್ಟು ನೀರು ತುಂಬಿ ನೋಡಿ. ಎರಡೂ ಸರಿಸಮ ಬಂದರೆ ನಿಮ್ಮ ಅದೃಷ್ಟ.

ಈಗ ನೀವು ಮಾಡಬಹುದಾದದ್ದು.

ನಾನಾಗಿದ್ದರೆ ತೂಕದ ಮೆಷಿನ್ ಕೊಳ್ಳುತ್ತಿದ್ದೆ. ಆರ್ಡರ್ ತಗೊಳ್ಳುವವರಿಗೆ ಅದು ಖರ್ಚಲ್ಲ. ಒಂದು ಸಲದ ಮೈಸೂರು ಪಾಕಿಗೆ ಸುರಿದ ತುಪ್ಪದ ದುಡ್ಡಿನಲ್ಲಿ ಒಳ್ಳೆಯದೇ ಬರುತ್ತದೆ. ಪಾತ್ರೆ ಇಟ್ಟು ಸೊನ್ನೆ ಮಾಡುವ ಗುಂಡಿ ಇರಲಿ, 5 ಕೆಜಿವರೆಗೆ ತೂಗಲಿ. ಅದಕ್ಕೂ ಅದರದ್ದೇ ತೊಂದರೆ ಇದೆ. ಬ್ಯಾಟರಿ ಇಳಿಯುತ್ತಾ ಬಂದಾಗ ಕೆಲವು ಮೆಷಿನ್ ಸುಮ್ಮನೆ ಏನೋ ತೋರಿಸುತ್ತವೆ. ಕಲ್ಲುಚಪ್ಪಡಿ ಏರುತಗ್ಗಾಗಿದ್ದರೂ ಲೆಕ್ಕ ಓಲಾಡುತ್ತದೆ. ಸೊನ್ನೆ ಮಾಡುವುದನ್ನು ಮರೆತು ಪಾತ್ರೆಯ ತೂಕವನ್ನೂ ಹಿಟ್ಟಿಗೆ ಸೇರಿಸಿದವರು ನನ್ನ ತರಗತಿಯಲ್ಲೇ ಬೇಕಾದಷ್ಟಿದ್ದಾರೆ. ಇನ್ನೊಂದು ಮಾತು. ನೀವು ಮಾಡಿದ್ದನ್ನು ತೂಕದ ಲೆಕ್ಕದಲ್ಲಿ ಮಾರುವುದಾದರೆ ಈ ಅಡುಗೆಮನೆ ಮೆಷಿನ್ ನಡೆಯುವುದಿಲ್ಲ. ಮಾರಾಟಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆ ಪರಿಶೀಲಿಸಿ ಮುದ್ರೆ ಹಾಕಿದ ತೂಕದ ಮೆಷಿನ್ನೇ ಆಗಬೇಕು.

ಸದ್ಯಕ್ಕೆ ಮೆಷಿನ್ ಬೇಡ ಅಂದರೆ ಅಂಗಡಿಯ ಪ್ಯಾಕೆಟ್ಟನ್ನೇ ತಕ್ಕಡಿ ಮಾಡಿಕೊಳ್ಳಿ. ಮೊದಲು ಕಪ್ ಪರೀಕ್ಷೆ. ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ ಒಡೆದು ಕಪ್ಪಿಗೆ ತುಂಬಿ. ಸರಿಯಾಗಿ ಎರಡು ಕಪ್ ಬಂದರೆ 250ರ ಕಪ್. ಎರಡು ಕಪ್ ತುಂಬಿ ನಾಲ್ಕು ಟೀ ಚಮಚದಷ್ಟು ಹಾಲು ಉಳಿದರೆ 240ರ ಕಪ್. ಆಮೇಲೆ ಅರ್ಧ ಕೆಜಿ ಕಡಲೆಹಿಟ್ಟಿನ ಹೊಸ ಪ್ಯಾಕೆಟ್ ಬಿಚ್ಚಿ, ಜರಡಿ ಹಿಡಿದು, ನೀವು ದಿನಾ ತುಂಬುವ ಹಾಗೆಯೇ ಕಪ್ ಕಪ್ ಎಣಿಸುತ್ತಾ ಇನ್ನೊಂದು ಪಾತ್ರೆಗೆ ಹಾಕಿ. ನಾಲ್ಕೂಮುಕ್ಕಾಲು ಕಪ್ ಬಂತು ಅಂತ ಇಟ್ಟುಕೊಳ್ಳಿ. 500ನ್ನು ನಾಲ್ಕೂಮುಕ್ಕಾಲರಿಂದ ಭಾಗಿಸಿದರೆ 105. ಅದೇ ನಿಮ್ಮ ಕೈಯ, ನಿಮ್ಮ ಕಪ್ಪಿನ, ಆ ಹಿಟ್ಟಿನ ತೂಕ. ನನ್ನ ಪಟ್ಟಿಗಿಂತ ಇದು ನಿಮಗೆ ಹೆಚ್ಚು ಸರಿ. ಮೈದಾ, ರವೆ, ಸಕ್ಕರೆಗೂ ಹೀಗೆ ಮಾಡಿ ಕಪಾಟಿನ ಬಾಗಿಲ ಒಳಗೆ ಅಂಟಿಸಿ. ಬಿಡಿಯಾಗಿ ತರುವ ಪದಾರ್ಥವಾದರೆ ನಿಮ್ಮ ಪಾವನ್ನೇ ದಿನಸಿ ಅಂಗಡಿಗೆ ತಗೊಂಡು ಹೋಗಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಕೇಳಿದರೆ ಬೇಡ ಅನ್ನುವ ಅಂಗಡಿಯವರನ್ನು ನಾನಂತೂ ನೋಡಿಲ್ಲ.

ಈ ದಾರಿಯಲ್ಲಿ ಅಪಾಯ ಒಂದೇ. ಹಿಟ್ಟು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಮಿಲ್ಲಿನಿಂದ ಈಗಷ್ಟೇ ಬಿಸಿಬಿಸಿಯಾಗಿ ಬಂದ ರಾಗಿ ಹಿಟ್ಟು ಅರಳಿಕೊಂಡಿರುತ್ತದೆ. ಹದಿನೈದು ದಿನ ಡಬ್ಬಿಯಲ್ಲಿ ಕೂತರೆ ಇಳಿದು ಒತ್ತಾಗುತ್ತದೆ. ಮಳೆಗಾಲದ ತೇವಕ್ಕೆ ಮೈದಾ ಉಂಡೆ ಕಟ್ಟುತ್ತದೆ. ಬ್ರ್ಯಾಂಡ್ ಬದಲಿಸಿದಾಗ, ಮಿಲ್ ಬದಲಿಸಿದಾಗ ಮತ್ತೊಮ್ಮೆ ಎಣಿಸಿ.

ಇನ್ನು, ಕಪ್‌ನಿಂದ ಕದಲಲೇಬೇಕಿಲ್ಲದ ಅಡುಗೆಗಳೂ ಎಷ್ಟೋ ಇವೆ. ಉಪ್ಪಿಟ್ಟಿಗೆ ಒಂದು ಲೋಟ ರವೆ, ಎರಡೂವರೆ ಲೋಟ ನೀರು. ಅನ್ನ, ಇಡ್ಲಿ, ಬಿಸಿಬೇಳೆಬಾತ್ ಎಲ್ಲ ಹೀಗೇ. ಲೋಟ ದೊಡ್ಡದೋ ಚಿಕ್ಕದೋ, ಎಲ್ಲಕ್ಕೂ ಅದೇ ಲೋಟ ಇದ್ದರೆ ಆಯಿತು. ಇವನ್ನು ಗ್ರಾಂಗೆ ತಿರುಗಿಸಲು ಹೋದರೇ ತಲೆನೋವು, ಯಾಕಂದರೆ ರವೆಗೂ ನೀರಿಗೂ ತೂಕದಲ್ಲಿ ಒಂದಕ್ಕೆ ಮೂರೂವರೆ ಬೀಳುತ್ತದೆ. ನಿಮ್ಮ ಮೈಸೂರು ಪಾಕನ್ನೂ ಎರಡರಷ್ಟು, ಮೂರರಷ್ಟು ಮಾಡುವವರೆಗೆ ಪಾವಿನಲ್ಲೇ ಅಳೆಯಬಹುದು. ಹತ್ತರಷ್ಟು ಮಾಡುವಾಗ ಮಾತ್ರ ನಡುವೆ ಯಾರಾದರೂ ಕರೆದರೆ ಎಷ್ಟನೇ ಪಾವು ಅನ್ನುವುದೇ ಮರೆತುಹೋಗುತ್ತದೆ.

ತೂಕಕ್ಕಿಂತ ಅಳತೆಯೇ ಮೇಲು ಅನ್ನಿಸುವ ಜಾಗ ಒಂದಿದೆ. ಅಡುಗೆ ಸೋಡ, ಬೇಕಿಂಗ್ ಪೌಡರ್, ಏಲಕ್ಕಿ ಪುಡಿಯಂಥವು. ಮನೆ ಮೆಷಿನ್ ಒಂದೊಂದೇ ಗ್ರಾಂ ಏರುತ್ತದೆ. ಅದು 2 ಅಂತ ತೋರಿಸಿದಾಗ ನಿಜಕ್ಕೂ ಒಂದೂವರೆ ಇರಬಹುದು, ಎರಡೂವರೆಯೂ ಇರಬಹುದು. ಸೋಡದಲ್ಲಿ ಒಂದು ಗ್ರಾಂ ಹೆಚ್ಚಾದರೂ ಸಾಬೂನಿನ ರುಚಿ ಬರುತ್ತದೆ. ಅದಕ್ಕೆ 5 ಮಿಲಿಲೀಟರ್‌ನ ಅಳತೆ ಚಮಚ ಇಟ್ಟುಕೊಂಡು ತಲೆ ಸವರಿ ಹಾಕಿ. ತಲೆ ಸವರಿದ ಒಂದು ಚಮಚ ಸೋಡ ಸುಮಾರು 5 ಗ್ರಾಂ, ಬೇಕಿಂಗ್ ಪೌಡರ್ 4ರಿಂದ 5, ಪುಡಿ ಉಪ್ಪು 6. ಕಲ್ಲುಪ್ಪು ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ, ಹರಳಿನ ಮಧ್ಯೆ ಸಂದು ಜಾಸ್ತಿ. ನಾನು ಕೆಲಸ ಕಲಿಯುವಾಗ ಕಲ್ಲುಪ್ಪು ಮುಗಿದಿತ್ತು ಅಂತ ಅಷ್ಟೇ ಚಮಚ ಪುಡಿ ಉಪ್ಪು ಹಾಕಿದ್ದೆ. ಒಂದಿಡೀ ಒಲೆಯ ಖಾರ ಬನ್ನನ್ನು ಬೀದಿ ನಾಯಿಯೂ ಮೂಸಲಿಲ್ಲ.

ಬೆಲ್ಲವನ್ನಂತೂ ಕಪ್‌ನಲ್ಲಿ ಅಳೆಯುವುದು ಬಿಟ್ಟುಬಿಡಿ. ನೀವೇ ಬೆಲ್ಲದ ಊರಿನವರು, ನಿಮಗೇ ಗೊತ್ತು. ಅಚ್ಚುಬೆಲ್ಲ ಕುಟ್ಟಿದರೆ ಒಂದು ಥರ, ತುರಿದರೆ ಒಂದು ಥರ, ಪುಡಿ ಬೆಲ್ಲವಾದರೆ ಮತ್ತೊಂದು ಥರ. ಮೆತ್ತಗಿನ ಬೆಲ್ಲವನ್ನು ಕಪ್ಪಿಗೆ ಒತ್ತಿದಷ್ಟೂ ಹಿಡಿಯುತ್ತದೆ. ತೂಗಿ ತಂದ ಅಚ್ಚನ್ನು ಎಣಿಸಿ ಹಾಕುವುದೇ ವಾಸಿ. ಒಂದು ಕೆಜಿಗೆ ಎಷ್ಟು ಅಚ್ಚು ಬಂತು ಅಂತ ನೋಡಿಕೊಂಡರೆ ಒಂದು ಅಚ್ಚಿನ ತೂಕ ಸಿಕ್ಕಿಹೋಗುತ್ತದೆ.

ಪಾವು ಪಕ್ಕಕ್ಕಿಡಬೇಡಿ. ಗೌರಿ ಹಬ್ಬಕ್ಕೆ ಮೊದಲು ಒಂದು ಮಧ್ಯಾಹ್ನ ಅತ್ತೆಯವರನ್ನು ಕೂರಿಸಿಕೊಂಡು, ಅವರು ಅಳೆಯುವ ಹಾಗೆಯೇ ಅವರ ಕೈಯಲ್ಲೇ ಮೂರನ್ನೂ ಅಳೆಸಿ. ಮೇಲೆ ಹೇಳಿದ್ದು ಹಗುರವಾಗಿ ತುಂಬಿ ತಲೆ ಸವರಿದ ಲೆಕ್ಕ. ಅವರು ಹಿಟ್ಟನ್ನು ಕುಲುಕಿ ತುಂಬುತ್ತಾರೋ, ಜರಡಿ ಹಿಡಿಯುವುದು ಅಳೆಯುವ ಮೊದಲೋ ಆಮೇಲೋ, ತುಪ್ಪ ಕರಗಿಸಿ ಅಳೆಯುತ್ತಾರೋ ಮರಳುಮರಳಾಗಿ ಇರುವಾಗಲೋ, ಸಕ್ಕರೆ ತಲೆ ಸವರುತ್ತಾರೋ ಇಲ್ಲ ಅಂಗಡಿಯವರು ಕೊಸರು ಕೊಟ್ಟ ಹಾಗೆ ಮೇಲೊಂದು ಗುಪ್ಪೆ ಬಿಡುತ್ತಾರೋ ಗಮನಿಸಿ. ಅವರನ್ನೇ ಕೇಳಿದರೆ ‘ಒಂದು ಪಾವು ಅಷ್ಟೇ’ ಅಂತಾರೆ. ಸುಮ್ನೆ ನೋಡಿ. ಅವರು ಅಳೆದಿಟ್ಟ ಮೂರನ್ನೂ ಬೇರೆ ಬೇರೆ ತೂಗಿಸಿ ಬರೆದುಕೊಳ್ಳಿ. ಮೂರು ಸಲ ಅಳೆಸಿ ನಡುವಿನದ್ದು ಹಿಡಿಯಿರಿ. ಆ ಮೂರು ತೂಕವನ್ನು ಆರ್ಡರ್‌ಗೆ ತಕ್ಕಂತೆ ಎಷ್ಟರಷ್ಟು ಬೇಕಾದರೂ ಹೆಚ್ಚಿಸಬಹುದು. ಮೊದಲ ಸಲಕ್ಕೆ ಮಾತ್ರ 200 ಗ್ರಾಂ ಕಡಲೆಹಿಟ್ಟಿಗಿಂತ ಮೇಲೆ ಹೋಗಬೇಡಿ. ಅಷ್ಟಕ್ಕೇ ಬಾಣಲೆಯಲ್ಲಿ ಒಂದೂವರೆ ಕೆಜಿಗೂ ಮೇಲೆ ಸಕ್ಕರೆ ತುಪ್ಪ ಕುದಿಯುತ್ತಿರುತ್ತದೆ, ಒಬ್ಬರ ಕೈಯಲ್ಲಿ ತಿರುವುವುದು ಕಷ್ಟ.